ಮಹಡಿಮನೆಗಳ ನಡುವಿನ ಅಂಗಳ ಯಾರದು?

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ವಸತಿಯ ಪ್ರಶ್ನೆಯನ್ನು ಕುರಿತು ಮಾತನಾಡಬೇಕೆಂದು ಶಿಬಿರದ ವ್ಯವಸ್ಥಾಪಕರು ನಮಗೆ ಹೇಳಿದ್ದಾರೆ. ವಸತಿಯೆಂದೊಡನೆ ನಮ್ಮ ಕಾರ್ಯಕರ್ತರು ಅಧಿಕಾರಿಗಳ ಮುಂದೆ ಇಡುವ ಪ್ರಶ್ನೆಗಳು ಮೂರು. ಎಷ್ಟು ಮನೆ ಕಟ್ಟುತ್ತೀರಿ, ಯಾರಿಗೆ ಹಂಚುತ್ತೀರಿ, ಕಂತು ಎಷ್ಟು? ಈ ಮೂರನ್ನೂ ಕೇಳಲೇಬೇಕು. ಆದರೆ ಸಾಮಾನ್ಯವಾಗಿ ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯೊಂದುಂಟು. ಒಂದು ಮಹಡಿ ಕಟ್ಟಡಕ್ಕೂ ಮತ್ತೊಂದಕ್ಕೂ ನಡುವೆ ಉಳಿಯುವ ನೆಲದ ಗತಿಯೇನು? ಅದು ಯಾರದು? ಅಲ್ಲಿ ಕೂರುವ ಹಕ್ಕು ಯಾರಿಗೆ? ಇಂದು ನಾವು ಈ ನಾಲ್ಕನೆಯ ಪ್ರಶ್ನೆಯನ್ನೇ ಹಿಡಿದು ಮಾತನಾಡಬೇಕೆಂದಿದ್ದೇವೆ.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವೇಕೆ, ತಲೆಯ ಮೇಲೆ ಸೂರಿಲ್ಲದವರ ಮುಂದೆ ಅಂಗಳದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಅಂಥವರು ಒಮ್ಮೆ ತಮ್ಮ ಊರಿನ ಯಾವುದಾದರೂ ಕೇರಿಗೆ ಹಗಲು ಹನ್ನೊಂದು ಗಂಟೆಗೆ ಹೋಗಿ ನಿಂತು ನೋಡಬೇಕು. ಗುಡಿಸಲಿನ ಒಳಗೆ ಯಾರಿರುತ್ತಾರೆ? ಜ್ವರ ಬಂದವರು, ಬಾಣಂತಿ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರು. ಉಳಿದವರೆಲ್ಲ ಹೊರಗೇ. ಹೆಂಗಸರು ಮರದ ನೆರಳಿನಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಹಗ್ಗದ ಮೇಲೆ ಹರವುತ್ತಾರೆ. ಮೆಣಸಿನಕಾಯಿ, ಸಂಡಿಗೆ ಒಣಗುತ್ತಿರುತ್ತವೆ. ಕಟ್ಟೆಯ ಮೇಲೆ ಮುದುಕರು ಕೂತು ಕೂಸುಗಳನ್ನು ಕಾಯುತ್ತಾರೆ. ಮದುವೆಯ ಚಪ್ಪರ ಹಾಕುವುದು ಅಲ್ಲಿಯೇ, ಸತ್ತವರಿಗೆ ಚಟ್ಟ ಕಟ್ಟುವುದೂ ಅಲ್ಲಿಯೇ. ನಲ್ಲಿಯ ಮುಂದಿನ ಸರದಿಯಲ್ಲಿ ಜಗಳ ಹುಟ್ಟುತ್ತದೆ, ನಿಜ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬ ಸುದ್ದಿ ಹರಡುವುದೂ ಅದೇ ಸರದಿಯಲ್ಲಿ. ಬಡವನ ಮನೆ ಅರ್ಧ ಗೋಡೆಯೊಳಗಿದ್ದರೆ ಇನ್ನರ್ಧ ಹೊರಗಿದೆ.

ಈಗ ಸರ್ಕಾರ ಈ ಕುಟುಂಬಕ್ಕೆ ಮಹಡಿಯಲ್ಲಿ ಮನೆ ಕೊಡುತ್ತದೆ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಕಡುಬಡವರ ಮನೆಯ ಒಳನೆಲಕ್ಕೆ ಹಾಕಿದ ಮಿತಿ ೩೦ ಚದರ ಮೀಟರು, ಎಂದರೆ ಸುಮಾರು ೩೨೦ ಚದರ ಅಡಿ. ಗಂಡ ಹೆಂಡತಿ, ಮೂವರು ಮಕ್ಕಳು, ಒಬ್ಬ ಅತ್ತೆ ಇದರಲ್ಲಿ ಮಲಗಬಹುದು, ಅಡುಗೆ ಮಾಡಬಹುದು. ಆದರೆ ಹೊರಗಿನ ಅರ್ಧ ಮನೆ ಎಲ್ಲಿ ಹೋಯಿತು? ಹಕ್ಕುಪತ್ರದಲ್ಲಿ ಅದರ ಸುದ್ದಿಯುಂಟೇ? ಒಳಗಿನ ಅಳತೆಯನ್ನು ಅಂಗುಲ ಬಿಡದೆ ಪರಿಶೀಲಿಸುವ ಇಂಜಿನಿಯರು ಹೊರಗಿನ ನೆಲವನ್ನು ಉಳಿಕೆಯ ಲೆಕ್ಕಕ್ಕೆ ಹಾಕುತ್ತಾರೆ. ಅಂಗಳವನ್ನು ಕಿತ್ತುಕೊಂಡು ಮನೆ ಕೊಟ್ಟರೆ ಅದು ಪೂರಾ ಮನೆಯಲ್ಲವೆಂದು ಹೇಳುವ ಧೈರ್ಯ ನಮಗಿರಬೇಕು.

ಮಹಡಿ ಕಟ್ಟಡದ ಪರವಾಗಿ ವಾದಿಸಿದವರು ಮೊದಲಿಗೆ ಜಗತ್ತಿಗೆ ಕೊಟ್ಟ ಭರವಸೆಯೇ ಬೇರೆ. ಲ ಕಾರ್ಬ್ಯೂಸಿಯೇ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ೧೯೨೦ರ ದಶಕದಿಂದಲೂ ಹೇಳುತ್ತ ಬಂದದ್ದಿಷ್ಟು: ಮನೆಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿರಿ, ಆಗ ಕೆಳಗೆ ನೆಲ ಬಿಡುವಾಗುತ್ತದೆ, ಆ ನೆಲದಲ್ಲಿ ಮರ, ಗಾಳಿ, ಬೆಳಕು ಎಲ್ಲರಿಗೂ ಸಿಗಲಿ. ಮಾತು ಚೆನ್ನಾಗಿದೆ. ನೆಲವನ್ನು ಬಿಟ್ಟುಕೊಡುವುದಕ್ಕಾಗಿ ಎತ್ತರ. ಆದರೆ ಎತ್ತರವನ್ನೂ ಕಟ್ಟಿ, ನೆಲವನ್ನೂ ಬಿಡದಿದ್ದರೆ ಏನಾಗುತ್ತದೆ?

ಅದನ್ನು ನೋಡಲು ಮುಂಬಯಿಗೆ ಹೋಗಬೇಕು. ಮುಂಬಯಿ ನಮಗೆ ಪರಸ್ಥಳವಲ್ಲ. ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆ, ಕಲಬುರಗಿ ವಿಜಯಪುರಗಳಿಂದ ಗಾರೆ ಕೆಲಸಕ್ಕೆ ಹೋದ ನಮ್ಮವರ ಬೆವರು ಆ ನಗರದ ಗೋಡೆಗಳಲ್ಲಿದೆ. ಅಲ್ಲಿಯ ಗೋವಂಡಿಯಲ್ಲಿ ನಟವರ್ ಪಾರೇಖ್ ಕಾಂಪೌಂಡ್ ಎಂಬ ವಸತಿಯುಂಟು. ರಸ್ತೆ, ರೈಲು ಮುಂತಾದ ಯೋಜನೆಗಳಿಗಾಗಿ ಒಕ್ಕಲೆಬ್ಬಿಸಿದ ಕುಟುಂಬಗಳನ್ನು ತಂದು ತುಂಬಿದ ಜಾಗ. ಅರವತ್ತರಷ್ಟು ಕಟ್ಟಡಗಳು, ನೆಲದ ಮೇಲೆ ಏಳು ಮಹಡಿ. ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ನಡುವೆ ಬಿಟ್ಟ ಅಂತರ ಎಷ್ಟೋ ಕಡೆ ಸುಮಾರು ೩ ಮೀಟರು. ಒಂದು ಎತ್ತಿನ ಗಾಡಿ ತಿರುಗಲಾರದಷ್ಟು.

೨೦೧೮ರಲ್ಲಿ ಡಾಕ್ಟರ್ಸ್ ಫಾರ್ ಯು ಎಂಬ ವೈದ್ಯರ ಸಂಸ್ಥೆ ಇಲ್ಲಿಯೂ, ಇಂಥದೇ ಮತ್ತೊಂದು ವಸತಿಯಾದ ಮಾನಖುರ್ದದ ಲಲ್ಲೂಭಾಯಿ ಕಾಂಪೌಂಡಿನಲ್ಲಿಯೂ ನಡೆಸಿದ ಅಧ್ಯಯನ ಹೊರಬಂತು. ಹತ್ತು ಮನೆಗಳಲ್ಲಿ ಸುಮಾರು ಒಂದು ಮನೆಗೆ ಕ್ಷಯ ತಗುಲಿತ್ತು. ಹೋಲಿಕೆಗಾಗಿ ನೋಡಿದ ಪಿ.ಎಂ.ಜಿ. ಕಾಲೊನಿಯಲ್ಲಿ ಕಟ್ಟಡಗಳ ನಡುವೆ ಜಾಗ ಹೆಚ್ಚು. ಅಲ್ಲಿ ನೂರು ಮನೆಗಳಿಗೆ ಸುಮಾರು ಒಂದು. ಎರಡೂ ಕಡೆ ಇದ್ದವರು ಬಡವರೇ. ಆದ್ದರಿಂದ ಬಡತನವೊಂದರ ಮೇಲೆಯೇ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಕೆಳಗಿನ ಮಹಡಿಗಳಿಗೆ ಬಿಸಿಲು ಇಳಿಯದು, ಗಾಳಿ ಆಡದು, ಕೆಮ್ಮಿದ ಉಸಿರು ಅಲ್ಲಿಯೇ ನಿಲ್ಲುತ್ತದೆ. ಗುಡಿಸಲಿನಿಂದ ಪಕ್ಕಾ ಮನೆಗೆ ಏರಿಸಿದೆವೆಂದು ಸರ್ಕಾರ ಬೀಗುತ್ತಿದ್ದಾಗ ಜನ ರೋಗಕ್ಕೆ ಇಳಿಯುತ್ತಿದ್ದರು. ನಡುವಿನ ಆ ೩ ಮೀಟರನ್ನು ಯಾರೋ ಒಬ್ಬರು ನಕಾಶೆಯ ಮೇಲೆ ರುಜು ಹಾಕಿ ಒಪ್ಪಿದ್ದಾರೆಂಬುದನ್ನು ನೆನಪಿಡಿ. ಕೊಳಗೇರಿಯವರಿಗೆ ಇಷ್ಟು ಸಾಕು ಎಂಬ ಮನೋಭಾವ ಆ ರುಜುವಿನ ಹಿಂದಿದೆ. ಅದು ಜಾತಿಯ ಮನೋಭಾವದ ಖಾಸಾ ತಮ್ಮ.

ನಾವು ಮೇಷ್ಟರಾಗಿದ್ದವರು, ಆದ್ದರಿಂದ ಒಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆವು. ನಮ್ಮ ಸೀಮೆಯಲ್ಲಿ ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಯಾವುದೇ ಕಟ್ಟಡದ ನೆರಳು ಉತ್ತರಕ್ಕೆ ಅದರ ಎತ್ತರದ ಸುಮಾರು ಮುಕ್ಕಾಲು ಪಾಲು ಚಾಚುತ್ತದೆ. ಬೇಕಾದರೆ ಒಂದು ಕೋಲು ನೆಟ್ಟು ನೋಡಿ. ೨೪ ಮೀಟರು ಎತ್ತರದ ಕಟ್ಟಡಕ್ಕೆ ೧೮ ಮೀಟರು ನೆರಳು. ೪೫ ಮೀಟರಿನದಕ್ಕೆ ೩೪ರ ಹತ್ತಿರ. ಪೂರ್ವ ಪಶ್ಚಿಮವಾಗಿ ಹಾಯುವ ೩ ಮೀಟರಿನ ಓಣಿಯ ನೆಲ ಚಳಿಗಾಲದಲ್ಲಿ ಬಿಸಿಲನ್ನೇ ಕಾಣದೆಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಬೇಸಗೆಯಲ್ಲಿ ಮಾತು ತಿರುಗುತ್ತದೆ. ಆಗ ನಮಗೆ ಬೇಕಾದದ್ದು ನೆರಳು. ಮಧ್ಯಾಹ್ನದ ಮೇಲೆ ಎತ್ತರದ ಕಟ್ಟಡದ ಪೂರ್ವಕ್ಕೆ ನೆರಳು ಬೀಳುತ್ತದೆ. ಬೀಡಿ ಕಟ್ಟುವವರ ಕಟ್ಟೆ ಅಲ್ಲಿರಬೇಕು, ಪಶ್ಚಿಮಕ್ಕಲ್ಲ. ಪಶ್ಚಿಮದ ಗೋಡೆಯ ಬುಡದಲ್ಲಿ ಸಿಮೆಂಟು ಹಾಸಿದರೆ ಸಂಜೆಯವರೆಗೂ ಅದು ಕಾದ ಹಂಚು. ಅಲ್ಲಿಗೆ ಬೇಕಾದದ್ದು ಹೊಂಗೆ, ಬೇವು. ಮರಕ್ಕೆ ಆಳವಾದ ಮಣ್ಣು ಬೇಕು. ನೆಲದಡಿ ಕಾರು ನಿಲ್ಲಿಸಲು ಚಪ್ಪಡಿ ಹಾಕಿ, ಅದರ ಮೇಲೆ ಒಂದು ಮೊಳ ಮಣ್ಣು ಸುರಿದು, ಹಸಿರು ಬೆಳೆಸಿದ್ದೇವೆ ಎನ್ನುವವರ ಮಾತನ್ನು ನಂಬಬೇಡಿ. ಅಲ್ಲಿ ಹುಲ್ಲು ಬಂದೀತು, ಹೊಂಗೆ ಬಾರದು.

ಹಾಗಾದರೆ ಅಂತರ ಹೆಚ್ಚಿಸಿದರೆ ಸಾಕೇ? ಸಾಲದು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಪ್ರುಯಿಟ್-ಐಗೊ ಎಂಬ ಸಾರ್ವಜನಿಕ ವಸತಿಯಿತ್ತು. ೧೯೫೪ರಲ್ಲಿ ಜನ ಬರಲಾರಂಭಿಸಿದರು. ಹನ್ನೊಂದು ಮಹಡಿಯ ೩೩ ಕಟ್ಟಡಗಳು, ೨,೮೭೦ ಮನೆಗಳು, ನಡುವೆ ಧಾರಾಳವಾದ ಬಯಲು. ಆದರೆ ಹಣ ಉಳಿಸಬೇಕೆಂದು ಮೇಲಿನವರು ಮೊದಲು ಕತ್ತರಿಸಿದ್ದೇ ಆ ಬಯಲಿನ ಖರ್ಚನ್ನು. ಮರಗಿಡ ರದ್ದು. ನೆಲಮಹಡಿಯಲ್ಲಿ ಶೌಚಾಲಯವಿಲ್ಲ. ಕೆಳಗೆ ಆಡುತ್ತಿರುವ ಐದು ವರ್ಷದ ಹುಡುಗ ಹತ್ತನೆಯ ಮಹಡಿಯ ತನಕ ತಡೆದುಕೊಂಡು ಹೋಗುವನೇ? ಲಿಫ್ಟು ಎಲ್ಲ ಮಹಡಿಗಳಲ್ಲಿಯೂ ನಿಲ್ಲದು, ಮೂರು ಮಹಡಿಗೊಮ್ಮೆ. ಮಕ್ಕಳ ಆಟದ ಸಲಕರಣೆ ಬಂದದ್ದು ಬಾಡಿಗೆದಾರರು ಅರ್ಜಿ ಗುಜರಾಯಿಸಿದ ಮೇಲೆ. ನಿರ್ವಹಣೆಯ ಖರ್ಚೆಲ್ಲ ಆ ಬಡವರ ಬಾಡಿಗೆಯಿಂದಲೇ ಹೊರಡಬೇಕೆಂಬ ನಿಯಮ ಬೇರೆ. ಮನೆಗಳು ಖಾಲಿಯಾದಂತೆ ಬಾಡಿಗೆಯ ಹಣ ಕುಗ್ಗಿತು, ಹಣ ಕುಗ್ಗಿದಂತೆ ದೀಪ ಆರಿತು, ದೀಪ ಆರಿದಂತೆ ಬಯಲು ಪುಂಡರ ಪಾಲಾಯಿತು. ೧೯೬೯ರಲ್ಲಿ ಆ ನಗರದ ಸಾರ್ವಜನಿಕ ವಸತಿಗಳ ಬಾಡಿಗೆದಾರರು ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಸತ್ಯಾಗ್ರಹ ಹೂಡಿದರು. ೧೯೭೨ರಲ್ಲಿ ಸರ್ಕಾರ ಕಟ್ಟಡಗಳನ್ನು ಸಿಡಿಮದ್ದು ಇಟ್ಟು ಬೀಳಿಸತೊಡಗಿತು. ೧೯೭೬ರ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಬಡವರಿಗೆ ಮಹಡಿಮನೆಯಲ್ಲಿ ಬಾಳುವುದು ಗೊತ್ತಿಲ್ಲವೆಂದು ಆಗ ಎಷ್ಟೋ ಪಂಡಿತರು ಬರೆದರು. ನಮ್ಮ ಊರಿನ ಕಚೇರಿಗಳಲ್ಲಿಯೂ ಈ ಮಾತು ಕೇಳುತ್ತೇವೆ: ‘ಇವರಿಗೆ ಏನು ಕೊಟ್ಟರೂ ಹಾಳು ಮಾಡುತ್ತಾರೆ, ಕಿಟಕಿಯಿಂದ ಕಸ ಎಸೆಯುತ್ತಾರೆ.’ ಎಸೆಯುತ್ತಾರೆ, ಸುಳ್ಳಲ್ಲ. ಲಿಫ್ಟು ಕೆಟ್ಟು ತಿಂಗಳಾಗಿರುವಾಗ, ಕಸದ ಗಾಡಿ ಗೇಟಿನೊಳಗೆ ಬಾರದಿರುವಾಗ, ಆರನೆಯ ಮಹಡಿಯ ಮುದುಕಿ ಕಸದ ಬುಟ್ಟಿ ಹೊತ್ತು ಇಳಿದು ಹತ್ತಬೇಕೆಂದು ಹೇಳುವ ಅಧಿಕಾರಿ ತಾನೊಮ್ಮೆ ಹತ್ತಿ ತೋರಿಸಲಿ. ಗೋವಂಡಿಯ ಅದೇ ವಸತಿಯಲ್ಲಿ ಮುಂದೆ ನಿವಾಸಿಗಳು ಕಮ್ಯುನಿಟಿ ಡಿಸೈನ್ ಏಜೆನ್ಸಿ ಎಂಬ ಸಂಸ್ಥೆಯ ಜೊತೆ ಕೂಡಿ, ಕಟ್ಟಡಗಳ ನಡುವೆ ಕಸ ತುಂಬಿದ್ದ ಜಾಗವನ್ನು ಎತ್ತಿ ಹಸನು ಮಾಡಿ ಜನ ಸೇರುವ ತಾಣವಾಗಿಸಿದರು. ಮಕ್ಕಳಿಗೆ ಪುಸ್ತಕಾಲಯ ಬಂತು. ೨೦೨೩ರ ಫೆಬ್ರುವರಿಯಲ್ಲಿ ಅಲ್ಲಿಯೇ ಒಂದು ಕಲಾ ಉತ್ಸವ ನಡೆಯಿತು. ಜನ ಬದಲಾಗಿರಲಿಲ್ಲ, ಹಿಂದೆ ಇದ್ದವರೇ ಈಗಲೂ ಇದ್ದರು. ಆದರೆ ೩ ಮೀಟರು ೩ ಮೀಟರಾಗಿಯೇ ಉಳಿದಿದೆ ಎಂಬುದನ್ನೂ ಹೇಳಬೇಕು. ಸೇವಾಸಂಸ್ಥೆಯ ಒಳ್ಳೆಯತನದಿಂದ ಗೋಡೆ ಹಿಂದಕ್ಕೆ ಸರಿಯುವುದಿಲ್ಲ. ಆದ್ದರಿಂದ ಜಗಳ ಆಡಬೇಕಾದದ್ದು ನಕಾಶೆಯ ಹಂತದಲ್ಲಿಯೇ.

ಸಮಾಜವಾದಿಗಳು ಅಧಿಕಾರಕ್ಕೆ ಬಂದ ಕಡೆ ಇದನ್ನು ಹೇಗೆ ಮಾಡಿದರು ಎಂದು ತಾವು ಕೇಳುವುದು ನ್ಯಾಯ. ಆಸ್ಟ್ರಿಯದ ವಿಯೆನ್ನಾ ನಗರವನ್ನು ೧೯೧೯ರಿಂದ ೧೯೩೪ರ ತನಕ ಸೋಷಿಯಲ್ ಡೆಮೊಕ್ರಾಟರು ಆಳಿದರು. ಅದಕ್ಕೆ ಮುಂಚೆ ಅಲ್ಲಿಯ ಕಾರ್ಮಿಕರು ಇದ್ದ ವಠಾರಗಳು ನಿವೇಶನವನ್ನೆಲ್ಲ ನುಂಗಿ ನಿಂತಿದ್ದವು. ಒಂದು ಮಂಚವನ್ನು ಹಗಲು ಒಬ್ಬನಿಗೆ, ರಾತ್ರಿ ಒಬ್ಬನಿಗೆ ಬಾಡಿಗೆಗೆ ಕೊಡುವ ಪದ್ಧತಿಯಿತ್ತು. ನಗರಸಭೆ ೧೯೨೩ರಲ್ಲಿ ಒಂದು ವಸತಿ ತೆರಿಗೆ ಹಾಕಿತು. ಅರಮನೆಯವನಿಗೆ ಭಾರಿ ದರ, ಗುಬ್ಬಚ್ಚಿ ಗೂಡಿನವನಿಗೆ ಹಗುರ. ಆ ಹಣದಲ್ಲಿ ಅರವತ್ತು ಸಾವಿರಕ್ಕೂ ಮೇಲ್ಪಟ್ಟು ಮನೆಗಳನ್ನು ಕಟ್ಟಿತು.

ಅವುಗಳಲ್ಲಿ ಒಂದು ೧೯೨೭ರಿಂದ ೧೯೩೦ರೊಳಗೆ ಎದ್ದ ಕಾರ್ಲ್ ಮಾರ್ಕ್ಸ್ ಹೋಫ್. ಕಾರ್ಲ್ ಏನ್ ಎಂಬ ವಾಸ್ತುಶಿಲ್ಪಿಯದು. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು, ಮನೆಗಳು ೧,೩೮೨. ಅಲ್ಲಿಯ ಮನೆಗಳೂ ಚಿಕ್ಕವೇ. ೩೦ರಿಂದ ೬೦ ಚದರ ಮೀಟರು. ನಮ್ಮ ಸರ್ಕಾರ ಕೊಡುವಷ್ಟೇ ಒಳನೆಲದಿಂದ ಅವರೂ ಆರಂಭಿಸಿದರು ಎನ್ನಿ. ಭೇದವಿರುವುದು ಹೊರಗೆ. ೧,೫೬,೦೦೦ ಚದರ ಮೀಟರು ನಿವೇಶನದಲ್ಲಿ ಕಟ್ಟಡ ನಿಂತದ್ದು ಐದರಲ್ಲೊಂದು ಪಾಲಿಗಿಂತ ಕಡಿಮೆ ನೆಲದ ಮೇಲೆ. ಉಳಿದದ್ದೆಲ್ಲ ತೋಟ, ಆಟದ ಬಯಲು, ಅಂಗಳ. ಬಟ್ಟೆ ಒಗೆಯುವ ಮನೆಗಳು, ಸ್ನಾನಗೃಹಗಳು, ಶಿಶುವಿಹಾರ, ಗ್ರಂಥಾಲಯ, ಔಷಧದ ಅಂಗಡಿ ಎಲ್ಲವೂ ಆವರಣದಲ್ಲಿಯೇ. ಇನ್ನೊಂದು ಜಾಣತನವನ್ನು ತಾವು ಗಮನಿಸಬೇಕು. ಮಹಡಿ ಹತ್ತುವ ಬಾಗಿಲುಗಳನ್ನು ಬೀದಿಯ ಕಡೆಗಿಡದೆ ಅಂಗಳದ ಕಡೆಗಿಟ್ಟರು. ಕೆಲಸದಿಂದ ಬಂದವನು ಅಂಗಳವನ್ನು ದಾಟಿಯೇ ಮನೆಗೆ ಹೋಗಬೇಕು. ದಿನಕ್ಕೆ ನಾಲ್ಕು ಸಲ ನೆರೆಯವರ ಮುಖ ಕಾಣುತ್ತದೆ, ಹೊಸಬನು ಬಂದರೆ ತಿಳಿಯುತ್ತದೆ, ಆಡುವ ಮಕ್ಕಳ ಮೇಲೆ ಹತ್ತು ಕಣ್ಣಿರುತ್ತವೆ. ಅಂಗಳಕ್ಕೆ ಜೀವ ಬಂದದ್ದು ಬಾಗಿಲಿನಿಂದ.

ಅಲ್ಲಿ ಎಲ್ಲವೂ ಸರಿಯಿತ್ತೆಂದು ನಾವು ಹೇಳುವುದಿಲ್ಲ. ಒಗೆಯುವ ಮನೆಗೆ ಹೆಂಗಸರಿಗಷ್ಟೇ ಪ್ರವೇಶ. ಸಮಾಜವಾದ ಬಂದ ಮೇಲೂ ಗಂಡಸಿನ ಅಂಗಿ ಒಗೆಯುವ ಕೆಲಸ ಹೆಂಗಸಿನದೇ ಆಗಿ ಉಳಿಯಿತು. ಆದರೂ ಬಲಪಂಥದ ಸರ್ಕಾರಕ್ಕೆ ಆ ಅಂಗಳಗಳು ಎಷ್ಟು ಭಯ ಹುಟ್ಟಿಸಿದ್ದವೆಂದರೆ, ೧೯೩೪ರ ಫೆಬ್ರುವರಿಯಲ್ಲಿ ಕಾರ್ಮಿಕರು ಎದ್ದಾಗ ಸೈನ್ಯ ಕಾರ್ಲ್ ಮಾರ್ಕ್ಸ್ ಹೋಫಿನ ಮೇಲೆ ಫಿರಂಗಿ ಹಾರಿಸಿತು. ಕಟ್ಟಡ ಉಳಿಯಿತು. ಇಂದಿಗೂ ಅಲ್ಲಿ ಜನರಿದ್ದಾರೆ.

ಅದು ಐದಾರು ಮಹಡಿಯದು, ಇಂದಿನ ಇಪ್ಪತ್ತು ಮಹಡಿಗೆ ಹೊಂದದು ಎಂದು ಯಾರಾದರೂ ಅಂದರೆ, ಅದೇ ವಿಯೆನ್ನಾದ ಆಲ್ಟ್ ಎರ್ಲಾ ಎಂಬಲ್ಲಿ ೧೯೭೩ರಿಂದ ೧೯೮೫ರ ತನಕ ಕಟ್ಟಿದ ಮಹಾಗೋಪುರಗಳನ್ನು ತೋರಿಸಿ. ಇಪ್ಪತ್ತಕ್ಕೂ ಮಿಕ್ಕಿದ ಮಹಡಿಗಳು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು. ಕೆಳಗಿನ ಮಹಡಿಗಳಲ್ಲಿ ಮನೆಮನೆಗೂ ಮಣ್ಣಿನ ತೊಟ್ಟಿ, ಗಿಡ. ಈಜುಕೊಳ ಮಾಳಿಗೆಯ ಮೇಲೆ, ಎಲ್ಲ ನಿವಾಸಿಗಳಿಗೂ. ಇನ್ನು ಸಿಂಗಪುರ. ಅಲ್ಲಿಯ ಆಳ್ವಿಕೆಯ ಬಗೆಗೆ ನಮಗೆ ಬೇಕಾದಷ್ಟು ತಕರಾರುಗಳಿವೆ. ಚೆಂಡಾಡಬೇಡಿ ಎಂಬ ಫಲಕಗಳಿಗೂ ಅಲ್ಲಿ ಬರವಿಲ್ಲ. ಆದರೆ ಒಂದು ಪದ್ಧತಿ ಒಳ್ಳೆಯದು. ೧೯೭೦ರ ದಶಕದಿಂದ ಸರ್ಕಾರಿ ಮಹಡಿ ಕಟ್ಟಡಗಳ ನೆಲಮಹಡಿಯಲ್ಲಿ ಮನೆಗಳನ್ನು ಕಟ್ಟದೆ, ಕಂಬಗಳ ನಡುವೆ ಮಂಟಪದ ಹಾಗೆ ತೆರೆದು ಬಿಟ್ಟರು. ಮಲಯದವರ ಮದುವೆ, ಚೀನೀಯರ ಶವಸಂಸ್ಕಾರದ ಕೂಟ, ಮುದುಕರ ಚದುರಂಗ, ಎಲ್ಲವೂ ಅಲ್ಲಿ. ಮಳೆ ಹಿಡಿದರೆ ಬಿಡದ ನಮ್ಮ ಮಲೆನಾಡಿಗೂ ಕರಾವಳಿಗೂ ಹೇಳಿ ಮಾಡಿಸಿದ ಪದ್ಧತಿಯಿದು. ಐದನೆಯ ಮಹಡಿಯಲ್ಲಿ ಸತ್ತವರನ್ನು ಎಲ್ಲಿಡಬೇಕು? ಲಿಫ್ಟಿನಲ್ಲಿ ಚಟ್ಟ ಹಿಡಿಯುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಹೆಣವನ್ನು ನಿಲ್ಲಿಸಿ ಇಳಿಸುವ ಗತಿ ಯಾರಿಗೂ ಬೇಡ. ಇಳಿಸಿದ ಮೇಲಾದರೂ ನಾಲ್ಕು ಜನ ನಿಂತು ಅಳಲು ಸೂರಿನಡಿ ಜಾಗ ಬೇಕಷ್ಟೆ.

ಈಗ ನಮ್ಮ ರಾಜಧಾನಿಗೆ ಬರೋಣ. ಬೆಂಗಳೂರಿನ ಶ್ರೀಮಂತರ ಗೋಪುರಗಳ ನಡುವೆ ಅಂಗಳಕ್ಕೆ ಕೊರತೆಯಿಲ್ಲ. ಹಾಸುಹುಲ್ಲು, ಕಾರಂಜಿ, ಬೆಂಚು ಎಲ್ಲವೂ ಇವೆ. ೨೦೨೩ರಲ್ಲಿ ಅಲ್ಲಿಯ ಒಂದು ವಸತಿ ಸಮುಚ್ಚಯದ ಸೂಚನೆಯೊಂದು ಪತ್ರಿಕೆಗಳಲ್ಲಿ ಬಂತು. ಮನೆಗೆಲಸದ ಹೆಂಗಸರು ಒಂದು ಮನೆಯ ಕೆಲಸ ಮುಗಿಸಿ ಮತ್ತೊಂದಕ್ಕೆ ಹೋಗುವ ನಡುವಿನ ಬಿಡುವಿನಲ್ಲಿ ತೋಟದಲ್ಲಿ, ಸಾರ್ವತ್ರಿಕ ಜಾಗಗಳಲ್ಲಿ ಕೂರಬಾರದು. ನಿವಾಸಿಗಳಿಗೆ ಅದರಿಂದ ಮುಜುಗರ, ಎಂಬುದು ಅದರ ತಾತ್ಪರ್ಯ. ಆ ಹೆಂಗಸು ಅಡುಗೆ ಮಾಡಿಟ್ಟ ಅನ್ನ ಮುಜುಗರವಲ್ಲ, ಅವಳು ಎತ್ತಿ ಆಡಿಸಿದ ಕೂಸು ಮುಜುಗರವಲ್ಲ, ಬೆಂಚಿನ ಮೇಲೆ ಅವಳು ಕೂತರೆ ಮುಜುಗರ! ಬಾವಿಗೆ ಬೇಲಿ ಹಾಕಿದ ಕೈಯೇ ಬೆಂಚಿಗೂ ಬೇಲಿ ಹಾಕುತ್ತಿದೆ. ಅಂಗಳ ಚೆನ್ನಾಗಿದೆಯೇ ಎಂದು ನಿರ್ಧರಿಸುವಾಗ ಹೂವಿನ ಪಾತಿಯನ್ನು ನೋಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಯಾರು ಕೂತಿದ್ದಾರೆ, ಯಾರನ್ನು ಎಬ್ಬಿಸುತ್ತಾರೆ ಎಂದು ನೋಡಿ.

ಕಾನೂನು ಪೂರ್ತಿ ನಮ್ಮ ವಿರುದ್ಧವಿಲ್ಲ. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡುವ ಅಧಿನಿಯಮವನ್ನು ಕರ್ನಾಟಕವು ೧೯೮೫ರಲ್ಲಿಯೇ ಮಾಡಿಕೊಂಡಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನೆಲವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ೧೯೯೧ರಲ್ಲಿ ಸುಪ್ರೀಂ ಕೋರ್ಟು ಆ ಕೊಡುಗೆ ಸಲ್ಲದೆಂದಿತು. ಬಡಾವಣೆಯವರು ಬಲ್ಲವರು, ವಕೀಲರನ್ನು ಹಿಡಿದರು. ಕೇರಿಯವರಿಗೆ ವಕೀಲನ ಬದಲು ನಾವಿದ್ದೇವೆ.

ನಾವು ಮಾಡಬೇಕಾದ ಕೆಲಸವೇನು? ತಮ್ಮ ತಾಲ್ಲೂಕಿನಲ್ಲಿ ಮಹಡಿಮನೆಗಳ ಯೋಜನೆ ಬಂದರೆ, ಪಾಯ ತೋಡುವ ಮೊದಲೇ ನಿವೇಶನದ ನಕಾಶೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ. ಕಾಗದದ ಮೇಲಿನ ಗೆರೆ ಕೇರಿಯವರಿಗೆ ಅರ್ಥವಾಗದಿದ್ದರೆ ಅದು ಅವರ ದೋಷವಲ್ಲ. ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿದು, ಸುಣ್ಣದ ಪುಡಿಯಲ್ಲಿ ಕಟ್ಟಡಗಳ ಗೆರೆಯನ್ನು ನಿಜವಾದ ಅಳತೆಗೆ ಎಳೆಯಿರಿ. ಕಬಡ್ಡಿಯ ಅಂಕಣ ಎಳೆಯಬಲ್ಲವರಿಗೆ ಇದು ಕಷ್ಟವಲ್ಲ. ಆಮೇಲೆ ಹೆಂಗಸರನ್ನು ಆ ಗೆರೆಗಳ ನಡುವೆ ನಿಲ್ಲಿಸಿ ಕೇಳಿ: ಅಕ್ಕಾ, ಒಗೆಯುವ ಕಲ್ಲು ಎಲ್ಲಿರಬೇಕು? ಹಗ್ಗ ಎಲ್ಲಿ ಕಟ್ಟುತ್ತೀರಿ? ಮೂರನೆಯ ಮಹಡಿಯಿಂದ ಕೂಗಿದರೆ ಮಗುವಿಗೆ ಕೇಳಿಸುವಷ್ಟು ಹತ್ತಿರ ಆಟದ ಜಾಗವಿದೆಯೇ? ಗಂಡಸರನ್ನು ಕೇಳಿದರೆ ಮೊದಲು ದ್ವಿಚಕ್ರ ವಾಹನದ ಜಾಗವನ್ನೇ ಹೇಳುತ್ತಾರೆ. ಅದೂ ಬೇಕು, ಆಟೋ ಓಡಿಸುವವನಿಗೆ ಆಟೋ ಅನ್ನದ ತಟ್ಟೆ. ಆದರೆ ಗಾಡಿಗಳು ಗೇಟಿನ ಬಳಿಯೇ ನಿಲ್ಲಲಿ. ಒಳಗೆ ಬಿಟ್ಟರೆ ಅಂಗಳ ಆರು ತಿಂಗಳಲ್ಲಿ ಗಾಡಿಖಾನೆ.

ಇನ್ನೊಂದು ಅಪಾಯವನ್ನು ಹೇಳಲೇಬೇಕು. ಬಯಲು ಖಾಲಿ ಕಂಡರೆ ಅದರ ಮೇಲೆ ಮೊದಲು ಕಣ್ಣು ಹಾಕುವವನು ಬಿಲ್ಡರಲ್ಲ. ಒಂದು ಗುಡಿ, ಒಂದು ಪ್ರತಿಮೆ, ಒಂದು ಸಂಘದ ಕಚೇರಿ, ಒಂದು ಧ್ವಜಸ್ತಂಭ ರಾತ್ರೋರಾತ್ರಿ ಏಳುತ್ತವೆ. ನಮ್ಮ ಪಕ್ಷದ ಧ್ವಜಸ್ತಂಭಕ್ಕೂ ಅಲ್ಲಿ ಜಾಗ ಬೇಡ. ಯಾವ ಜಾತಿಯ ಓಣಿಯಿಂದ ಬಂದವರು ಯಾವ ಕಟ್ಟಡಕ್ಕೆ ಎಂದು ಹಂಚಿ, ಪ್ರತಿಯೊಂದು ಕಟ್ಟಡಕ್ಕೂ ಅದರದೇ ಅಂಗಳವೆಂದು ಬೇಲಿ ಎಳೆಯುವ ಹಂಚಿಕೆಯನ್ನೂ ಒಪ್ಪಬೇಡಿ. ಚೀಟಿ ಎತ್ತಿ ಹಂಚಲಿ, ಬಾಗಿಲುಗಳು ಒಂದೇ ಅಂಗಳಕ್ಕೆ ತೆರೆಯಲಿ.

ಕೊನೆಯದಾಗಿ ಹಣದ ಮಾತು. ಲಿಫ್ಟಿನ ಮತ್ತು ನೀರಿನ ಪಂಪಿನ ವಿದ್ಯುತ್ ಬಿಲ್ಲು, ಅಂಗಳದ ದೀಪ, ಗುಡಿಸುವವರ ಸಂಬಳ, ಇವನ್ನು ಯಾರು ಕೊಡಬೇಕು? ನಿವಾಸಿಗಳ ಸಂಘವೇ ಭರಿಸಲಿ ಎಂದು ಯೋಜನೆಯ ಕಾಗದದಲ್ಲಿ ಬರೆದಿದ್ದರೆ, ಸೇಂಟ್ ಲೂಯಿಸಿನ ಕತೆ ಇಲ್ಲಿಯೂ ಆರಂಭವಾಯಿತೆಂದು ತಿಳಿಯಿರಿ. ಊರಿನ ದೊಡ್ಡ ರಸ್ತೆಯ ದೀಪಕ್ಕೆ ನಗರಸಭೆ ಹಣ ಕೊಡುತ್ತದೆ. ಆ ರಸ್ತೆಯ ಬಂಗಲೆಯವರಿಂದ ದೀಪದ ಕಂತು ಕೇಳುವುದಿಲ್ಲ. ನೂರಾರು ಕುಟುಂಬಗಳು ನಡೆದಾಡುವ ಅಂಗಳವೂ ಊರಿನ ಬೀದಿಯೇ. ಅದರ ದೀಪವೂ ಕಸವೂ ನಗರಸಭೆಯ ಆಯವ್ಯಯದಲ್ಲಿ ಒಂದು ಶೀರ್ಷಿಕೆಯಾಗಿ ಬರಬೇಕೆಂದು ಮುಂದಿನ ಆಯವ್ಯಯದ ಸಭೆಗೆ ಮುಂಚೆಯೇ ಮನವಿ ಕೊಡೋಣ. ಮನವಿಯ ಕರಡನ್ನು ಬರೆದು ತಂದಿದ್ದೇವೆ. ಊಟದ ನಂತರ ಅದನ್ನು ಓದುತ್ತೇವೆ. ತಿದ್ದಬೇಕಾದದ್ದನ್ನು ತಾವು ತಿದ್ದಿ. ತಮ್ಮ ತಮ್ಮ ಊರಿನ ಕಟ್ಟಡಗಳ ನಡುವಿನ ಅಂತರವನ್ನು ಅಳೆದು ತಂದವರು ಆ ಅಂಕಿಯನ್ನು ಕರಡಿನ ಹಿಂಬದಿಯಲ್ಲಿ ಊರಿನ ಹೆಸರಿನೊಡನೆ ಬರೆಯಿರಿ.